ಬೆಳಕಿನ ಮೇಷ್ಟ್ರು

ಬೇರೆಯವರು ತೆಗೆದ ಊಟದ ಫೋಟೊ ಕಂಡ ಕೂಡಲೇ ಊಟದ ಮಾತು ಬಿಟ್ಟು ಬೆಳಕಿನ ಮಾತು ಎತ್ತುವವರಿಗೆ ಬೆಳಕಿನ ಮೇಷ್ಟ್ರು ಎನ್ನಬಹುದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಕಡೆ ಈ ತಳಿ ಹುಲುಸಾಗಿದೆ. ಮೇಷ್ಟ್ರು ಎಂದ ಮಾತ್ರಕ್ಕೆ ಇವರೆಲ್ಲ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಒಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರಾದರೆ ಇನ್ನೊಬ್ಬರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು, ಮತ್ತೊಬ್ಬರು ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಯುತ್ತಲೇ ಮೂವತ್ತು ವರ್ಷ ಸವೆಸಿದ ಸ್ಟುಡಿಯೊ ಮಾಲೀಕರು. ವಯಸ್ಸು ಐವತ್ತರ ಆಚೆ. ಹೆಂಗಸರಲ್ಲಿ ಈ ತಳಿ ಅಪರೂಪ. ಅಡುಗೆ ಮಾಡಿ ಗೊತ್ತಿದ್ದವರಿಗೆ ಸಾರಿನ ಫೋಟೊ ನೋಡಿದರೆ ಹುಳಿ ಸಾಕಾಗಿದೆಯೇ ಎಂಬ ಯೋಚನೆ ಬರುತ್ತದೆಯೇ ಹೊರತು ನೆರಳು ಯಾವ ಕಡೆ ಬಿದ್ದಿದೆ ಎಂದು ಬರುವುದಿಲ್ಲ.

ಮೇಷ್ಟ್ರನ್ನು ಗುರುತಿಸುವುದು ಕಷ್ಟವಲ್ಲ. ಕೊರಳಲ್ಲಿ ಕ್ಯಾಮೆರಾ ಇರಬೇಕೆಂದೇನಿಲ್ಲ. ಜೇಬಿನಲ್ಲಿ ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆ ಮಾತ್ರ ಇದ್ದೇ ಇರುತ್ತದೆ, ಅದು ಫೋನಿನ ಲೆನ್ಸ್ ಒರೆಸುವುದಕ್ಕೆ. ಫೋಟೊ ತೋರಿಸಿದರೆ ಫೋನನ್ನೇ ಕಸಿದುಕೊಂಡು, ತೋಳಷ್ಟು ದೂರ ಹಿಡಿದು, ಒಂದು ಕಣ್ಣು ಕಿರಿದು ಮಾಡಿ, ಎರಡು ಬೆರಳಲ್ಲಿ ಹಿಗ್ಗಿಸಿ, ಮೊದಲು ನಾಲ್ಕು ಮೂಲೆಗಳನ್ನು ನೋಡುತ್ತಾರೆ. ನಡುವೆ ಇರುವ ಊಟದ ಸರದಿ ಕೊನೆಗೆ. ಆಮೇಲೆ ‘ಚೆನ್ನಾಗಿದೆ’ ಎಂಬ ಮಾತು ಹೊರಡುತ್ತದೆ. ಅದನ್ನು ಕೇಳಿ ಹಿಗ್ಗಿದವರು ಹೊಸಬರು. ಹಳಬರು ‘ಆದರೆ’ ಎಂಬುದಕ್ಕೆ ಕಾಯುತ್ತಾ ನಿಂತಿರುತ್ತಾರೆ.

ಬೆಂಗಳೂರಿನ ಪಿ.ಜಿ. ಬಿಟ್ಟು ಸ್ವಂತ ಬಾಡಿಗೆ ಮನೆ ಮಾಡಿದ ಮೇಷ್ಟ್ರ ತಮ್ಮನ ಮಗಳು ಮೊದಲ ಸಲ ಹಿತಕಬೇಳೆ ಸಾರು ಮಾಡಿ ರಾತ್ರಿ ಎಂಟೂವರೆಗೆ ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೊ ಹಾಕುತ್ತಾಳೆ ಎನ್ನಿ. ಅತ್ತೆ ‘ಸೂಪರ್ ಪುಟ್ಟಿ’ ಎನ್ನುತ್ತಾರೆ. ಅಜ್ಜಿ ಕೈಮುಗಿಯುವ ಚಿತ್ರ ಕಳಿಸುತ್ತಾರೆ; ಅವರು ಎಲ್ಲದಕ್ಕೂ ಅದನ್ನೇ ಕಳಿಸುವುದು. ಒಂಬತ್ತು ಗಂಟೆಗೆ ಮೇಷ್ಟ್ರ ಅಪ್ಪಣೆ ಬರುತ್ತದೆ: ‘ಚೆನ್ನಾಗಿದೆ ಪುಟ್ಟಿ. ಆದರೆ ಟ್ಯೂಬ್‌ಲೈಟ್ ನೆತ್ತಿಯ ಮೇಲಿದೆ, ನಿನ್ನ ಕೈ ನೆರಳೇ ಬಟ್ಟಲಿನೊಳಕ್ಕೆ ಬಿದ್ದಿದೆ. ಬಟ್ಟಲಿನ ಬಲ ಅಂಚು ಕಟ್ ಆಗಿದೆ. ಹಿಂದೆ ಸಿಲಿಂಡರ್. ಪಕ್ಕದಲ್ಲಿ ಪಾತ್ರೆ ತೊಳೆಯುವ ಸೋಪು. ಇನ್ನೊಂದು ಸಲ ತೆಗಿ.’ ಅವಳು ‘ಸರಿ ದೊಡ್ಡಪ್ಪ’ ಎಂದು ಬರೆದು, ಬೇರೆಯಾಗಿ ಅಮ್ಮನಿಗೆ ಫೋನ್ ಮಾಡುತ್ತಾಳೆ. ಬೇಳೆ ಹಿತುಕಿ ಹಿತುಕಿ ಉಗುರು ನೋಯುತ್ತಿರುವುದನ್ನು ಕೇಳುವವರು ಅಲ್ಲಿದ್ದಾರೆ.

ಈ ತಳಿಯ ಬೇರು ಹುಡುಕಿದರೆ ಎರಡು ಕಡೆಗೆ ಹೋಗುತ್ತದೆ. ಒಂದು, ಮದುವೆ ಛತ್ರದ ಊಟದ ಹಾಲ್. ವಿಡಿಯೊ ಕ್ಯಾಸೆಟ್ಟಿನ ಕಾಲದಲ್ಲಿ ಪಂಕ್ತಿಯ ನಡುವೆ ವಿಡಿಯೊದವರು ನುಗ್ಗಿದರೆಂದರೆ ಅವರ ಹಿಂದೆ ಒಬ್ಬ ಹುಡುಗ ಸಾವಿರ ವ್ಯಾಟಿನ ಹ್ಯಾಲೊಜನ್ ದೀಪ ಎತ್ತಿ ಹಿಡಿದು, ವೈರು ಎಳೆದುಕೊಂಡು ಬರುತ್ತಿದ್ದ. ಆ ಬೆಳಕು ಬಿದ್ದವರ ತುತ್ತು ಎಲೆಗೂ ಬಾಯಿಗೂ ನಡುವೆ ನಿಂತುಬಿಡುತ್ತಿತ್ತು. ಬಾಯಿ ತೆರೆದವರು ಮುಚ್ಚಲಿಲ್ಲ, ಮುಚ್ಚಿದವರು ಅಗಿಯಲಿಲ್ಲ, ತಿಳಿಸಾರನ್ನು ಅಂಗೈಯಲ್ಲಿ ಎತ್ತಿದವರದು ಮೊಣಕೈವರೆಗೂ ಇಳಿಯಿತು. ಮೂವತ್ತು ವರ್ಷದ ಹಿಂದಿನ ಯಾವ ಮದುವೆ ಕ್ಯಾಸೆಟ್ ಹಾಕಿದರೂ ಊರ ಹಿರಿಯರೆಲ್ಲ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಕಾಣುವುದು ಈ ಕಾರಣಕ್ಕೆ. ಅಂದು ಆ ದೀಪ ಹಿಡಿದಿದ್ದ ಹುಡುಗರಲ್ಲಿ ಕೆಲವರು ಇಂದು ಬೆಳಕಿನ ಮೇಷ್ಟ್ರುಗಳು. ನೇರ ಬೆಳಕು ಊಟವನ್ನು ಕೊಲ್ಲುತ್ತದೆ ಎಂದು ಅವರು ಹೇಳುವುದರಲ್ಲಿ ಸ್ವಲ್ಪ ಪ್ರಾಯಶ್ಚಿತ್ತವೂ ಇದೆ.

ಇನ್ನೊಂದು ಬೇರು ಫೋಟೊ ಕ್ಲಬ್ಬಿನದು. ಫೆಡರೇಷನ್ ಆಫ್ ಇಂಡಿಯನ್ ಫೋಟೊಗ್ರಫಿ 1953ರಲ್ಲಿ ಹುಟ್ಟಿತು, ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಲ್ಲಿ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ವನ್ಯಜೀವಿ ಛಾಯಾಗ್ರಾಹಕರ ಹೆಸರು ಹೊರದೇಶದ ಸಲೋನುಗಳಲ್ಲಿ, ಅಂದರೆ ಫೋಟೊ ಸ್ಪರ್ಧೆಯ ಪ್ರದರ್ಶನಗಳಲ್ಲಿ, ಕೇಳಿಬರುತ್ತಿದ್ದ ಕಾಲ ಅದು. ಅವರ ಚಿತ್ರಗಳನ್ನು ಕಂಡು ಹುಚ್ಚು ಹತ್ತಿಸಿಕೊಂಡು, ಈ ಕಡೆಯಿಂದ ಬೆಂಗಳೂರಿನ ಕ್ಲಬ್ಬಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದವರೂ ಇದ್ದರು. ಅಲ್ಲಿನ ಸ್ಪರ್ಧೆಗಳಲ್ಲಿ ತೀರ್ಪುಗಾರರು ಚಿತ್ರವನ್ನು ಕೆಲವೇ ಕ್ಷಣ ನೋಡಿ ‘ಎಡಗಡೆ ಸ್ವಲ್ಪ ಕತ್ತರಿಸಬಹುದಿತ್ತು’ ಎಂದು ಮುಂದಿನದಕ್ಕೆ ಹೋಗುತ್ತಿದ್ದರು. ಬಹುಮಾನ ಗಿಟ್ಟಿಸುವ ಅಡುಗೆಮನೆ ಚಿತ್ರವೂ ಆಗ ಒಂದು ಇತ್ತು: ಹಂಚಿನ ಸಂದಿಯಿಂದ ಇಳಿದ ಬಿಸಿಲ ಕೋಲು, ಹೊಗೆ, ಊದುಕೊಳವೆ ಹಿಡಿದ ಅಜ್ಜಿ. ಹೊಗೆ ಸಾಲದೆ ಹಸಿ ಸೌದೆ ಇಡಿಸಿ ಅಜ್ಜಿಯನ್ನು ಕೆಮ್ಮಿಸಿದವರ ಮಾತೂ ಕೇಳಿಬರುತ್ತದೆ. ಹಕ್ಕಿ ಹಿಂದೆ ಅಲೆಯಲು ಮಂಡಿ ಬಿಡದೆ ಹೋದಾಗ ಈ ಮೇಷ್ಟ್ರುಗಳ ಕಣ್ಣು ತಟ್ಟೆಯ ಕಡೆ ತಿರುಗಿತು. ತಟ್ಟೆ ಹಾರಿಹೋಗುವುದಿಲ್ಲ.

ಅವರ ಶಾಸ್ತ್ರದ ಮೊದಲ ಅಧ್ಯಾಯ ಟ್ಯೂಬ್‌ಲೈಟಿನ ಖಂಡನೆ. ಇದರಲ್ಲಿ ಅವರು ಹೇಳುವುದು ಸರಿ. ಬೆಳಕಿಗೆ ಬಣ್ಣವಿದೆ, ಅದನ್ನು ಕೆಲ್ವಿನ್ ಲೆಕ್ಕದಲ್ಲಿ ಅಳೆಯುತ್ತಾರೆ. ಮೇಣದಬತ್ತಿಯದು ಸುಮಾರು 1,900, ಹಳೆಯ ತಂತಿ ಬಲ್ಬಿನದು 2,700, ನಡುಹಗಲಿನ ಬಿಸಿಲಿನದು 5,500, ಡಬ್ಬಿಯ ಮೇಲೆ ‘ಕೂಲ್ ಡೇಲೈಟ್’ ಎಂದು ಬರೆದ ಎಲ್‌ಇಡಿಯದು 6,500. ಕೆಳಗಿನ ಅಂಕಿ ಹಳದಿ, ಮೇಲಿನದು ನೀಲಿ. ಮನುಷ್ಯನ ಕಣ್ಣು ಇದನ್ನೆಲ್ಲ ಹೊಂದಿಸಿಕೊಂಡು ಅನ್ನವನ್ನು ಬೆಳ್ಳಗೇ ನೋಡುತ್ತದೆ. ಕ್ಯಾಮೆರಾ ಯಾವುದಾದರೂ ಒಂದು ಬಣ್ಣವನ್ನು ಬಿಳಿ ಎಂದು ನಂಬಿಕೊಳ್ಳಬೇಕು. ಇಲ್ಲಿನ ಅಡುಗೆಮನೆಯಲ್ಲಿ ಒಲೆಯ ಮೇಲೆ ಬಿಳಿ ಟ್ಯೂಬು, ದೇವರ ಮೂಲೆಯಲ್ಲಿ ಹಳದಿ ಬಲ್ಬು, ಕಿಟಕಿಯಿಂದ ಸಂಜೆಯ ನೀಲಿ ಮೂರೂ ಒಟ್ಟಿಗೆ ಬಂದು ಒಂದು ಬಟ್ಟಲು ಮೊಸರನ್ನದ ಮೇಲೆ ಬೀಳುತ್ತವೆ. ಫೋಟೊದಲ್ಲಿ ಅರ್ಧ ಮೊಸರನ್ನ ಜಾಂಡೀಸು ಬಂದ ಹಾಗೆ, ಇನ್ನರ್ಧ ನೀರಿನಲ್ಲಿ ಮುಳುಗಿದ ಹಾಗೆ ಕಾಣುತ್ತದೆ. ಹೆದ್ದಾರಿ ಪಕ್ಕದ ಡಾಬಾಗಳ ನೇರಳೆ ಎಲ್‌ಇಡಿ ಸರದ ಕೆಳಗೆ ತೆಗೆದ ಬಿರಿಯಾನಿಗಂತೂ ಔಷಧವೇ ಇಲ್ಲ. ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಆಮೇಲೆ ಯಾವ ಆ್ಯಪ್ ಕೂಡ ತಂದುಕೊಡಲಾರದು.

ಮೇಷ್ಟ್ರ ಮದ್ದು ಇಷ್ಟೇ: ದೀಪಗಳನ್ನೆಲ್ಲ ಆರಿಸಿ ತಟ್ಟೆಯನ್ನು ಹೊಸ್ತಿಲ ಬಳಿ ಇಡಿ. ಬಾಗಿಲಿನಿಂದ ಬರುವುದು ಒಂದೇ ಬಣ್ಣದ, ಒಂದೇ ಕಡೆಯ ಬೆಳಕು. ಪಕ್ಕದಿಂದ ಬಿದ್ದ ಬೆಳಕು ಒಬ್ಬಟ್ಟಿನ ಮೇಲಿನ ಕಂದು ಮಚ್ಚೆಯನ್ನೂ ನಿಪ್ಪಟ್ಟಿನಲ್ಲಿ ಎದ್ದ ಕಡಲೆಬೀಜವನ್ನೂ ಬಿಡಿಸಿ ತೋರಿಸುತ್ತದೆ. ಫೋನಿನ ಫ್ಲ್ಯಾಷ್ ಮುಂದಿನಿಂದ ಬಡಿದು ಎಲ್ಲವನ್ನೂ ಗೋಡೆಗೆ ಅಂಟಿಸಿದ ಪೋಸ್ಟರಿನಂತೆ ಚಪ್ಪಟೆ ಮಾಡುತ್ತದೆ. ಹಬೆ ಬೇಕಿದ್ದರೆ ಬೆಳಕು ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಿರಬೇಕು. ಬಿಳಿ ಗೋಡೆಯ ಮುಂದೆ ಹಬೆ ಇದ್ದರೂ ಇಲ್ಲದಂತೆ. ಇಷ್ಟು ಪಾಠಕ್ಕೆ ಮೇಷ್ಟ್ರಿಗೆ ದಕ್ಷಿಣೆ ಕೊಡಬಹುದು. ತೊಂದರೆಯೇನೆಂದರೆ ಅವರು ಇದನ್ನು ಹೇಳುವುದು ಊಟಕ್ಕೆ ಕೂತವರಿಗೆ, ತಟ್ಟೆ ಮುಂದೆ ಬಂದ ಮೇಲೆ.

ಹೊಸ್ತಿಲಿಂದ ಆಚೆಗೆ, ಅಂಗಳಕ್ಕೆ ತಟ್ಟೆ ಒಯ್ದವರನ್ನೂ ಮೇಷ್ಟ್ರು ಬಿಡುವುದಿಲ್ಲ. ಚಿಕ್ಕಬಳ್ಳಾಪುರ ಹದಿಮೂರೂವರೆ ಡಿಗ್ರಿ ಅಕ್ಷಾಂಶದ ಹತ್ತಿರ ಇರುವುದರಿಂದ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವೆ ಒಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬಂದು ನಿಲ್ಲುತ್ತಾನೆ. ಆಗ ಲೋಟದ ನೆರಳು ಲೋಟದ ಕೆಳಗೇ ಅಡಗುತ್ತದೆ, ತಟ್ಟೆಯಲ್ಲಿ ಉಬ್ಬಿಲ್ಲ ತಗ್ಗಿಲ್ಲ. ಡಿಸೆಂಬರಿನಲ್ಲಿ ಮಾತ್ರ ನಡುಹಗಲಿನ ಸೂರ್ಯ ಐವತ್ತೈದು ಡಿಗ್ರಿಗಿಂತ ಮೇಲೇರುವುದಿಲ್ಲ, ಬಿಸಿಲು ಓರೆಯಾಗಿ ಬೀಳುತ್ತದೆ. ಸೊಗಡಿನ ಅವರೆಕಾಯಿ ಬರುವುದೂ ಆಗಲೇ. ಇದು ದೇವರೇ ಕೂಡಿಸಿದ ಮುಹೂರ್ತ ಎಂದು ಮೇಷ್ಟ್ರು ನಂಬಿದ್ದಾರೆ, ಅವರೆ ಕಾಲ ಮುಗಿಯುವವರೆಗೆ ಅವರ ಮನೆಯಲ್ಲಿ ಬಿಸಿ ಸಾರು ಯಾರಿಗೂ ಸಿಕ್ಕುವುದಿಲ್ಲ.

ಎರಡನೆಯ ಅಧ್ಯಾಯ ರಾಗಿ ಮುದ್ದೆ. ಈ ಸೀಮೆಯ ಊಟದ ಫೋಟೊಗಳು ಕೆಡುವುದಕ್ಕೆ ಮುದ್ದೆಯಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ, ಮೇಷ್ಟ್ರು ಹೆಚ್ಚು ಉಸಿರು ಖರ್ಚು ಮಾಡುವುದೂ ಇಲ್ಲೇ. ಕ್ಯಾಮೆರಾದ ಮೀಟರಿನ ಕಣ್ಣಿಗೆ ಜಗತ್ತೆಲ್ಲ ಬೂದು ಬಣ್ಣ. ತನ್ನ ಮುಂದಿರುವ ವಸ್ತು ಬಿದ್ದ ಬೆಳಕಿನಲ್ಲಿ ಸುಮಾರು 18 ಪ್ರತಿಶತವನ್ನು ಹಿಂದಕ್ಕೆ ಚೆಲ್ಲುತ್ತದೆ ಎಂಬ ಲೆಕ್ಕದ ಮೇಲೆ ಅದು ನಡೆಯುತ್ತದೆ. ಮುದ್ದೆ ಅಷ್ಟು ಬೆಳಕು ಚೆಲ್ಲುವ ಪೈಕಿ ಅಲ್ಲ. ಚೌಕಟ್ಟಿನ ತುಂಬ ಮುದ್ದೆ ಕಂಡ ಕ್ಯಾಮೆರಾ ‘ಅಯ್ಯೋ, ಕತ್ತಲೆ’ ಎಂದುಕೊಂಡು ಬೆಳಕು ಏರಿಸುತ್ತದೆ, ಮುದ್ದೆ ವಿಭೂತಿ ಉಂಡೆಯಾಗುತ್ತದೆ. ಬಿಳಿ ತಟ್ಟೆಯಲ್ಲಿ ತಟ್ಟೆ ಇಡ್ಲಿ ಇಟ್ಟರೆ ಇದಕ್ಕೆ ತದ್ವಿರುದ್ಧ: ‘ಅಬ್ಬಾ, ಎಷ್ಟು ಬೆಳಕು’ ಎಂದು ಇಳಿಸುತ್ತದೆ, ಇಡ್ಲಿ ಮೊನ್ನೆಯದಾಗುತ್ತದೆ. ಪರದೆಯ ಮೇಲೆ ಮುದ್ದೆಯನ್ನು ಬೆರಳಿಂದ ಮುಟ್ಟಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಮುದ್ದೆ ಮುದ್ದೆಯಾಗುತ್ತದೆ, ಇಡ್ಲಿಗೆ ಮೇಲೆ ಎಳೆಯಬೇಕು. ಇಷ್ಟನ್ನು ಕಲಿಯದೆ ಫೋನೇ ಸರಿಯಿಲ್ಲ ಎನ್ನುವವರಿಗೆ ಮೇಷ್ಟ್ರು ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆಯನ್ನು ನೆನಪಿಸುತ್ತಾರೆ. ಕೆಲವು ಫೋನುಗಳಲ್ಲಿ ‘ಫುಡ್’ ಎಂಬ ಮೋಡ್ ಬೇರೆ ಇದೆ. ಅದು ಬಣ್ಣ ಏರಿಸಿ, ಅಂಚುಗಳನ್ನು ಮಸುಕು ಮಾಡುತ್ತದೆ. ಅದರಲ್ಲಿ ತೆಗೆದ ಮುದ್ದೆ ನೋಡಿ ಅಮೆರಿಕದಲ್ಲಿರುವ ಮೊಮ್ಮಗ ‘ಜಾಮೂನಾ ತಾತ?’ ಎಂದು ಕೇಳುತ್ತಾನೆ.

ಮುದ್ದೆಗೆ ಇನ್ನೊಂದು ಗುಣವಿದೆ. ಒದ್ದೆ ಕೈಯಲ್ಲಿ ಉರುಳಿಸಿ ತಟ್ಟೆಗೆ ಇಟ್ಟ ಕೂಡಲೇ ಅದಕ್ಕೆ ಒಂದು ಮಿನುಗು ಇರುತ್ತದೆ. ಸ್ವಲ್ಪ ಹೊತ್ತಿಗೆ ಮೇಲಿನ ನೀರು ಆರಿ ಚರ್ಮ ಕಟ್ಟಿಕೊಳ್ಳುತ್ತದೆ, ಮಿನುಗು ಹೋಗುತ್ತದೆ. ಆದ್ದರಿಂದ ಮುದ್ದೆಯ ಫೋಟೊ ತೆಗೆಯುವ ಹೊತ್ತೂ ಮುದ್ದೆ ಉಣ್ಣುವ ಹೊತ್ತೂ ಒಂದೇ. ಈ ತಕರಾರನ್ನು ಯಾವ ಮೇಷ್ಟ್ರೂ ಈವರೆಗೆ ಬಗೆಹರಿಸಿಲ್ಲ.

ಸ್ಟೀಲ್ ತಟ್ಟೆಯ ವಿಚಾರದಲ್ಲಿ ಮೇಷ್ಟ್ರು ಸ್ವಲ್ಪ ಮೃದು, ಏಕೆಂದರೆ ಅಲ್ಲಿ ಅವರಿಗೂ ಪೆಟ್ಟು ಬಿದ್ದಿದೆ. ಹೊಳೆಯುವ ತಟ್ಟೆ ಎಂದರೆ ಬಾಗಿದ ಕನ್ನಡಿ. ಮೇಲಿನಿಂದ ತೆಗೆದ ಬಸ್ಸಾರಿನ ಫೋಟೊವನ್ನು ಹಿಗ್ಗಿಸಿದರೆ ತಟ್ಟೆಯ ಅಂಚಿನಲ್ಲಿ ಟ್ಯೂಬ್‌ಲೈಟು, ಸೀಲಿಂಗ್ ಫ್ಯಾನು, ಎರಡು ಕೈಯಲ್ಲಿ ಫೋನು ಹಿಡಿದ ಆಸಾಮಿ ಮೂವರೂ ಕಾಣುತ್ತಾರೆ. ಸ್ನಾನಕ್ಕೆ ಮೊದಲು ಬನಿಯನ್ನಿನಲ್ಲಿ ಫೋಟೊ ತೆಗೆದ ಒಬ್ಬ ಮೇಷ್ಟ್ರು ತಮ್ಮ ಸಾರಿನ ಬಟ್ಟಲಿನ ಹೊರಮೈಯಲ್ಲಿ ಪೂರ್ತಿ ಮೂಡಿದ್ದು ಮನೆಯವರಿಗೆಲ್ಲ ಗೊತ್ತಿದೆ, ಗೊತ್ತಿಲ್ಲದವರಿಗೆ ಹೇಳುವುದಕ್ಕೆ ಹೆಂಡತಿ ಇದ್ದಾರೆ. ಅಂದಿನಿಂದ ಅವರು ಕಿಟಕಿಗೆ ಬಿಳಿ ಪಂಚೆ ಕಟ್ಟಿ ಬೆಳಕನ್ನು ಸೋಸುತ್ತಾರೆ. ದೊಡ್ಡ ಬಿಳಿ ಬಟ್ಟೆ ತಟ್ಟೆಯಲ್ಲಿ ಮೂಡಿದರೆ ಅದು ಬರೀ ಹೊಳಪಾಗಿ ಕಾಣುತ್ತದೆ, ಬಟ್ಟೆಯೆಂದು ತಿಳಿಯುವುದಿಲ್ಲ. ಎದುರುಗಡೆ ಗಣೇಶನ ಹಬ್ಬದ ಮಂಟಪದಿಂದ ಉಳಿಸಿಕೊಂಡ ಥರ್ಮೋಕೋಲ್ ಹಲಗೆ ನಿಲ್ಲಿಸಿ ನೆರಳನ್ನು ತಿಳಿಯಾಗಿಸುತ್ತಾರೆ. ಫ್ಯಾನ್ ಹಾಕಿದರೆ ಹಲಗೆ ಸಾರಿನೊಳಕ್ಕೆ ಬೀಳುತ್ತದೆ. ಆದ್ದರಿಂದ ಆ ಮನೆಯಲ್ಲಿ ಭಾನುವಾರದ ಊಟ ಬೆವರಿನಲ್ಲಿ ನಡೆಯುತ್ತದೆ.

ಮೂರನೆಯ ಅಧ್ಯಾಯ ಚೌಕಟ್ಟು. ಇಲ್ಲಿ ಮೇಷ್ಟ್ರು ಮೂರರ ಸೂತ್ರ ಎಂಬುದನ್ನು ಮಂತ್ರದಂತೆ ಹೇಳುತ್ತಾರೆ: ಚಿತ್ರವನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಪಾಲು ಮಾಡಿ, ಗೆರೆಗಳು ಕೂಡುವಲ್ಲಿ ಮುಖ್ಯವಾದದ್ದನ್ನು ಇಡಬೇಕು. ಈ ಹೆಸರನ್ನು ಮೊದಲು ಬರೆದಿಟ್ಟವನು ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್, 1797ರಲ್ಲಿ. ಆತ ಬರೆದದ್ದು ಹಳ್ಳಿಗಾಡಿನ ಭೂದೃಶ್ಯ ಬಿಡಿಸುವವರಿಗೆ. ಆಕಾಶ ಎಷ್ಟು, ನೆಲ ಎಷ್ಟು ಎಂಬ ಮಾತು ಅಲ್ಲಿದೆ, ಉಪ್ಪಿನಕಾಯಿ ಎಲ್ಲಿರಬೇಕೆಂದು ಇಲ್ಲ.

ಉಪ್ಪಿನಕಾಯಿ ಎಲ್ಲಿರಬೇಕೆಂಬುದು ಈ ಕಡೆ ಬಹಳ ಹಿಂದೆಯೇ ತೀರ್ಮಾನವಾದ ಸಂಗತಿ. ಬಾಳೆ ಎಲೆಯ ತುದಿ ಊಟಕ್ಕೆ ಕೂತವರ ಎಡಕ್ಕೆ. ಉಪ್ಪು ಎಡ ಮೂಲೆಗೆ. ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಮೇಲಿನ ಸಾಲಿಗೆ. ಅನ್ನ ಕೆಳಗೆ ನಡುವೆ, ಕೈಗೆ ಹತ್ತಿರ. ಬಣ್ಣ ಬೇರೆ ಬೇರೆಯಾಗಿ ಬೀಳುತ್ತದೆ, ಒಂದರ ರಸ ಇನ್ನೊಂದಕ್ಕೆ ಹರಿಯುವುದಿಲ್ಲ, ಬಲಗೈ ಯಾವುದನ್ನೂ ದಾಟದೆ ಅನ್ನಕ್ಕೆ ಹೋಗುತ್ತದೆ. ಎಲೆಯ ಹಸಿರು ಸಾರಿನ ಕೆಂಪನ್ನು ಎತ್ತಿ ತೋರಿಸುತ್ತದೆ. ಚಿತ್ರಕಲೆಯ ಯಾವ ಪುಸ್ತಕವನ್ನೂ ಓದದ ಅಡುಗೆ ಭಟ್ಟರ ಈ ವಿನ್ಯಾಸಕ್ಕೆ ತಿದ್ದುಪಡಿ ತರಲು ಹೊರಟ ಮೇಷ್ಟ್ರ ಕಥೆ ನಾಲ್ಕೂ ಊರಿನಲ್ಲಿ ಒಂದೇ ರೀತಿ ಕೇಳಿಬರುವುದರಿಂದ ಎಲ್ಲಿ ನಡೆಯಿತೆಂಬುದು ಮುಖ್ಯವಲ್ಲ. ಮೇಷ್ಟ್ರು ಫೋನ್ ಹಿಡಿದು ‘ಪಲ್ಯ ಸ್ವಲ್ಪ ಬಲಕ್ಕೆ ಹಾಕಪ್ಪ, ಅಲ್ಲಿ ಖಾಲಿ ಕಾಣ್ತದೆ’ ಎಂದರು. ಬಡಿಸುವವನು ಸೌಟು ಎತ್ತದೆ, ‘ಅಲ್ಲಿಗೆ ಒಬ್ಬಟ್ಟು ಬರ್ತದೆ ಸಾರ್, ಕೂತ್ಕೊಳಿ’ ಎಂದು ಮುಂದಿನ ಎಲೆಗೆ ಹೋದ. ಹಿಂದಿನ ಪಂಕ್ತಿಯವರು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

ಮೇಷ್ಟ್ರ ನಿಜವಾದ ಸಂಕಟ ಬೇರೆಯೇ ಇದೆ. ಬಾಳೆ ಎಲೆ ಅಡ್ಡಕ್ಕೆ ಉದ್ದ, ಈಗಿನ ಹುಡುಗರ ಫೋನು ಉದ್ದಕ್ಕೆ ಉದ್ದ. ನಿಲ್ಲಿಸಿ ಹಿಡಿದ ಫೋನಿನಲ್ಲಿ ಪೂರ್ತಿ ಎಲೆ ಹಿಡಿಸಬೇಕೆಂದರೆ ಎಲೆಗಿಂತ ಹೆಚ್ಚಾಗಿ ಟೇಬಲ್ಲಿನ ಮೇಲಿನ ಪೇಪರ್ ರೋಲು, ನೀರಿನ ಬಾಟಲಿ, ಎದುರಿನವರ ಹೊಟ್ಟೆ ಬರುತ್ತದೆ. ಹತ್ತಿರ ಹೋದರೆ ಉಪ್ಪೂ ಇಲ್ಲ, ಪಾಯಸವೂ ಇಲ್ಲ. ‘ಫೋನನ್ನು ಮಲಗಿಸಿ ಹಿಡಿಯಿರಿ’ ಎಂದು ಮೇಷ್ಟ್ರು ಗೋಗರೆಯುತ್ತಾರೆ, ರೀಲ್ಸಿಗೆ ಮಲಗಿಸಿದ್ದು ಬೇಡ ಎಂದು ಹುಡುಗರು ಹೇಳುತ್ತಾರೆ.

ಊರಿನಿಂದ ಊರಿಗೆ ಮೇಷ್ಟ್ರ ಸ್ವಭಾವದಲ್ಲಿ ಸ್ವಲ್ಪ ವ್ಯತ್ಯಾಸವಿದೆ. ಚಿಕ್ಕಬಳ್ಳಾಪುರದವರಿಗೆ ನಂದಿ ಬೆಟ್ಟದ ಗಾಳಿ ತಗುಲಿದೆ. 1,478 ಮೀಟರ್ ಎತ್ತರದಲ್ಲಿ ಮೋಡದ ಮೇಲೆ ಸೂರ್ಯ ಹುಟ್ಟುವುದನ್ನು ಸಾವಿರ ಸಲ ತೆಗೆದ ಕೈ. ಉಪ್ಪಿಟ್ಟಿಗೂ ಹೊಂಬಿಸಿಲೇ ಆಗಬೇಕು ಎನ್ನುತ್ತಾರೆ. ದ್ರಾಕ್ಷಿಯ ವಿಷಯಕ್ಕೆ ಇವರು ಮನೆಯಲ್ಲಿ ಜಗಳವನ್ನೇ ಮಾಡಿದ್ದಾರೆ. ಫೋಟೊಗ್ರಫಿ ಹುಟ್ಟಿದ ಹೊಸದರಲ್ಲೇ, 1860ರಲ್ಲಿ, ಇಂಗ್ಲೆಂಡಿನ ರೋಜರ್ ಫೆಂಟನ್ ಹಣ್ಣುಗಳನ್ನು ಜೋಡಿಸಿ ಹಲವು ಚಿತ್ರ ತೆಗೆದಿದ್ದ, ಅದರಲ್ಲಿ ದ್ರಾಕ್ಷಿ ಗೊಂಚಲೂ ಇತ್ತು ಎಂದು ಮೇಷ್ಟ್ರು ಓದಿಕೊಂಡಿದ್ದಾರೆ. ಭೌಗೋಳಿಕ ಗುರುತಿನ ಪಟ್ಟಿಗೆ ಸೇರಿದ ಬೆಂಗಳೂರು ಬ್ಲೂ ದ್ರಾಕ್ಷಿ ಇಲ್ಲೇ ಬೆಳೆಯುತ್ತದೆ. ಅದರ ಮೈಮೇಲೆ ಬೂದಿ ಸವರಿದಂಥ ತೆಳು ಮೇಣ ಇರುತ್ತದೆ, ಫೋಟೊದ ಜೀವ ಅದೇ. ‘ತೊಳೀಬೇಡ, ಹಂಗೇ ಇಡು’ ಎಂದು ಮೇಷ್ಟ್ರು. ‘ಔಷಧಿ ಹೊಡೆದಿರ್ತಾರೆ, ಉಪ್ಪುನೀರಲ್ಲಿ ನೆನೆಹಾಕಿದೀನಿ’ ಎಂದು ಅಡುಗೆಮನೆಯಿಂದ ಉತ್ತರ. ಇಬ್ಬರೂ ಹೇಳುವುದು ಸರಿಯೇ.

ಚಿಂತಾಮಣಿಯವರ ಕಣ್ಣು ಕೆಂಪಿನ ಮೇಲೆ. ಟೊಮೆಟೊ ಮಂಡಿಯ ಊರಲ್ಲಿ ಬೆಳೆದವರಿಗೆ ಹದಿನೈದು ಕೆ.ಜಿ. ಬಾಕ್ಸಿನ ಮೇಲಿನ ಸಾಲು ಮಾತ್ರ ನೋಡಿ ಮೋಸ ಹೋಗಬಾರದು ಎಂಬುದು ಹುಟ್ಟಿನಿಂದ ಗೊತ್ತು. ಚೌಕಟ್ಟಿನ ಕಲೆ ಅವರಿಗೆ ಹೊಸದಲ್ಲ. ಫೋನಿನಲ್ಲಿ ಟೊಮೆಟೊ ಗೊಜ್ಜಿನ ಗಾಢ ಕೆಂಪು ಬೇಗ ಉಕ್ಕಿ, ಒಳಗಿನ ಬೀಜ, ಸಿಪ್ಪೆ, ಒಗ್ಗರಣೆ ಎಲ್ಲ ಕರಗಿ ಒಂದೇ ಬಣ್ಣದ ರಾಡಿಯಾಗುತ್ತದೆ. ಬೆಳಕು ಒಂದು ಚೂರು ಇಳಿಸಿ ತೆಗೆ ಎಂಬುದು ಇವರ ಒಂದೇ ಸಲಹೆ, ಅದು ಕೆಲಸಕ್ಕೆ ಬರುತ್ತದೆ.

ಗೌರಿಬಿದನೂರಿನವರು ನಡುಕ ತಜ್ಞರು. 1965ರಿಂದ ಅಲ್ಲಿ ಭೂಕಂಪನ ಅಳೆಯುವ ಕೇಂದ್ರವಿದೆ. ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ್ದು, ಸಾವಿರಾರು ಕಿಲೋಮೀಟರ್ ಆಚೆ ನೆಲದೊಳಗೆ ಬಾಂಬು ಸಿಡಿಸಿದರೂ ಅದಕ್ಕೆ ತಿಳಿಯುತ್ತದೆ. ಆ ಊರಿನ ಮೇಷ್ಟ್ರಿಗೆ ತಿಳಿನೀರಿನಷ್ಟು ಸ್ಪಷ್ಟವಾಗಿ ಕಾಣುವ ಫೋಟೊದಲ್ಲೂ ‘ಕೈ ಅಲ್ಲಾಡಿದೆ’ ಎಂಬುದು ತಿಳಿಯುತ್ತದೆ. ರಾತ್ರಿ ಮನೆಯೊಳಗೆ ಫೋನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಕಣ್ಣು ತೆರೆದಿಡಬೇಕಾಗಬಹುದು. ಹಸಿದವನ ಕೈಗೆ ಅದು ಬಹಳ ಹೊತ್ತು.

ಮೇಷ್ಟ್ರ ಪಾಠ ಪೂರ್ತಿ ಸೋಲುವುದು ಶಿಡ್ಲಘಟ್ಟದಲ್ಲಿ. ರೇಷ್ಮೆಯ ಊರದು. ಮೆದು ಬೆಳಕು, ಎಲ್ಲ ಕಡೆ ಒಂದೇ ಸಮನಾಗಿ ಹರಡಿದ ಬೆಳಕು ಎಂದು ಅಲ್ಲಿ ಹೇಳಹೊರಟರೆ ಹುಳ ಸಾಕುವವರು ನಗುತ್ತಾರೆ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟಾಗ ಒಂದು ಕಡೆಯಿಂದ ಬಿಸಿಲು ಬಿದ್ದರೆ ಹುಳಗಳೆಲ್ಲ ನೆರಳಿನ ಕಡೆ ಸರಿದು ಒತ್ತೊತ್ತಾಗಿ ಕೂತು ಜೋಡಿ ಗೂಡು ಕಟ್ಟುತ್ತವೆ. ಜೋಡಿ ಗೂಡಿನಲ್ಲಿ ನೂಲು ಸಿಕ್ಕಾಗುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಅದಕ್ಕಾಗಿ ಅವರು ಕಿಟಕಿಗೆ ಗೋಣಿ ಪರದೆ ಇಳಿಬಿಟ್ಟು ಮಂದ ಬೆಳಕು ಮಾಡುತ್ತಾರೆ. ಗೂಡನ್ನು ಹಿಡಿಯಲ್ಲಿ ಎತ್ತಿ, ಬೆರಳಲ್ಲಿ ಒತ್ತಿ, ಬೆಳಕಿಗೆ ತಿರುಗಿಸಿ ಗುಣ ಹೇಳುವ ರೀಲರುಗಳ ಊರಿನಲ್ಲಿ, ಕುದಿನೀರಿನ ಬಾನಿಯ ಹಬೆಯಲ್ಲೇ ದಿನ ಕಳೆಯುವ ನೂಲು ಬಿಚ್ಚಾಣಿಕೆಯವರ ಮುಂದೆ, ಕಾಫಿ ಲೋಟದ ಹಬೆಯನ್ನು ಹಿಡಿಯುವುದು ಹೇಗೆಂದು ವಿವರಿಸಿದ ಮೇಷ್ಟ್ರು ಕಾಫಿ ಮುಗಿಸಿ ಬೇಗ ಎದ್ದರು.

ಇಷ್ಟೆಲ್ಲ ಹೇಳುವ ಮೇಷ್ಟ್ರು ತೆಗೆದ ಫೋಟೊ ಎಲ್ಲಿ ಎಂಬ ಪ್ರಶ್ನೆ ಬರುವುದು ಸಹಜ. ಅವು ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ. ಕೇಳಿದರೆ ‘ಇನ್ನೂ ಎಡಿಟ್ ಆಗಬೇಕು’ ಎನ್ನುತ್ತಾರೆ. ಅವು ಹುಟ್ಟುವ ರೀತಿ ಮಾತ್ರ ಮನೆಯವರಿಗೆಲ್ಲ ಕಂಠಪಾಠ. ಜನವರಿಯ ಭಾನುವಾರ, ಹಿತಕಬೇಳೆ ಸಾರು, ಮುದ್ದೆ. ಹನ್ನೆರಡೂವರೆಗೆ ಪಂಚೆ ಕಟ್ಟುತ್ತಾರೆ, ಥರ್ಮೋಕೋಲ್ ನಿಲ್ಲಿಸುತ್ತಾರೆ, ಹಳೆಯ ಬಾಗಿಲಿನ ಹಲಗೆಯನ್ನು ಟೇಬಲ್ ಮೇಲೆ ಹಾಸುತ್ತಾರೆ. ಸಾರು ಬಟ್ಟಲಿಗೆ ಬಿದ್ದರೆ ಬೇಳೆಯೆಲ್ಲ ತಳ ಸೇರುತ್ತದೆ, ಮೇಲೆ ಬರೀ ರಸ ಮತ್ತು ಎಣ್ಣೆ. ಇದೇ ತೊಂದರೆಗೆ ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿಯ ಜಾಹೀರಾತಿನಲ್ಲಿ ಸೂಪಿನ ಬಟ್ಟಲಿಗೆ ಗಾಜಿನ ಗೋಲಿ ಹಾಕಿ ತರಕಾರಿಯನ್ನು ಮೇಲಕ್ಕೆ ತಂದಿದ್ದರು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ತಕರಾರು ತೆಗೆದು, 1970ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಮೇಷ್ಟ್ರು ಇದನ್ನು ಹೇಳಿ ಮೊಮ್ಮಗನ ಗೋಲಿ ಡಬ್ಬಿಗೆ ಕೈ ಹಾಕಿದರೆ ಹೆಂಡತಿ ಸೌಟು ಹಿಡಿದು ಅಡ್ಡ ನಿಲ್ಲುತ್ತಾರೆ: ‘ನಿಮ್ಮ ಗೋಲಿ ಯಾರ ಗಂಟಲಿಗೆ ಹೋಗ್ಬೇಕು?’ ಕೊನೆಗೆ ಬಟ್ಟಲಿನೊಳಗೆ ಒಂದು ಸಣ್ಣ ಬಟ್ಟಲನ್ನು ಬೋರಲು ಹಾಕುವುದಕ್ಕೆ ಒಪ್ಪಂದವಾಗುತ್ತದೆ.

ಒಂದೂ ಕಾಲಿಗೆ ಬಿಸಿಲು ಜರುಗಿರುತ್ತದೆ, ಟೇಬಲ್ ಎಳೆಯಬೇಕು. ಒಂದೂವರೆಗೆ ಮುದ್ದೆಯ ಮಿನುಗು ಹೋಗಿರುತ್ತದೆ, ನೀರು ಸವರಬೇಕು. ಎರಡು ಗಂಟೆಗೆ ಸಾರಿನ ಮೇಲೆ ಕೆನೆ ಕಟ್ಟಿರುತ್ತದೆ, ಕಲಕಬೇಕು. ಕಲಕಿದರೆ ಬೋರಲು ಬಟ್ಟಲು ತೇಲುತ್ತದೆ. ‘ರೀ, ಮುದ್ದೆ ಆರೋಗ್ತದೆ, ಬನ್ನಿ’ ಎಂಬ ಕೂಗು ಎರಡು ಸಲ ಬಂದು ನಿಂತಿರುತ್ತದೆ, ಏಕೆಂದರೆ ಕೂಗಿದವರು ಒಳಗೆ ಮಕ್ಕಳೊಂದಿಗೆ ಇನ್ನೊಂದು ಪಾತ್ರೆಯಿಂದ ಬಿಸಿಬಿಸಿ ಬಡಿಸಿಕೊಂಡು ಉಂಡು ಮುಗಿಸಿರುತ್ತಾರೆ. ಅನುಭವಸ್ಥ ಮನೆಗಳಲ್ಲಿ ಅವರೆ ಕಾಲಕ್ಕೆ ಒಂದು ಮುದ್ದೆ ಹೆಚ್ಚಿಗೆ ಮಾಡುವುದು ರೂಢಿ. ಎರಡೂ ಮುಕ್ಕಾಲಿಗೆ, ನಲವತ್ತನೆಯ ಸಲಕ್ಕೆ, ಫೋಟೊ ನಿಜಕ್ಕೂ ಚೆನ್ನಾಗಿ ಬರುತ್ತದೆ. ಪಕ್ಕದಿಂದ ಬಿದ್ದ ಬೆಳಕಿನಲ್ಲಿ ಒಂದೊಂದು ಬೇಳೆಯೂ ಬಿಡಿಯಾಗಿ ಕಾಣುತ್ತದೆ, ಮುದ್ದೆಯ ಗುಣಿಯಲ್ಲಿ ತುಪ್ಪ ಸಣ್ಣ ಕಿಟಕಿಯ ಹಾಗೆ ಹೊಳೆಯುತ್ತದೆ. ಹಬೆ ಮಾತ್ರ ಇರುವುದಿಲ್ಲ. ಅದನ್ನು ಗಮನಿಸಿದವರೂ ಮೇಷ್ಟ್ರೇ, ಬೇರೆ ಯಾರೂ ನೋಡಿರುವುದಿಲ್ಲ.

ಆ ಫೋಟೊ ಗುಂಪಿಗೆ ಹೋಗುವುದಿಲ್ಲ. ಕೆಲವು ದಿನದ ಮೇಲೆ ತಮ್ಮನ ಮಗಳದೇ ಇನ್ನೊಂದು ಫೋಟೊ ಬರುತ್ತದೆ. ಈ ಸಲ ಹೊಸ್ತಿಲ ಬಳಿ, ಹಗಲಿನಲ್ಲಿ, ಫೋನನ್ನು ಮಲಗಿಸಿ ತೆಗೆದದ್ದು. ಸಿಲಿಂಡರ್ ಇಲ್ಲ, ಸೋಪು ಇಲ್ಲ, ಹಬೆ ಇದೆ. ಬಟ್ಟಲಿನ ಪಕ್ಕದ ಮುದ್ದೆಯಲ್ಲಿ ಒಂದು ತುತ್ತು ಆಗಲೇ ಮುರಿದಿದೆ. ಮೇಷ್ಟ್ರು ಬಹಳ ಹೊತ್ತು ಹಿಗ್ಗಿಸಿ ನೋಡಿ ‘ಚೆನ್ನಾಗಿದೆ’ ಎಂದು ಬರೆಯುತ್ತಾರೆ. ಮನೆಯವರೆಲ್ಲ ‘ಆದರೆ’ಗೆ ಕಾಯುತ್ತಾರೆ. ಅವರ ಹೆಸರಿನ ಮುಂದೆ ‘ಟೈಪಿಂಗ್’ ಎಂದು ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ.

ಅವರ ಸ್ವಂತ ಭಾನುವಾರದ ಮುದ್ದೆ, ಫೋಟೊಗೆ ಇಟ್ಟಿದ್ದು, ಅಂದೇ ಸಂಜೆ ಪಕ್ಕದ ಮನೆಯ ಹಸುವಿನ ಕಲಗಚ್ಚಿಗೆ ಹೋಗಿತ್ತು.